ಸೆರಗಿಲ್ಲದ ಉಡಿ

ಸಮವಸ್ತ್ರ ತೊಟ್ಟ ಹೆಂಗಸೊಬ್ಬಳು ನಿಮ್ಮ ಓಣಿಯಿಂದ ಕಡಲಾಚೆಗೆ ಹೊರಟು ನಿಂತಾಗ, ಓದುಗರೇ, ನಿಮ್ಮ ಬಾಯಿಂದ ಮೊದಲು ಹೊರಬಿದ್ದ ಮಾತು ಯಾವುದು? ‘ಹೋಗಿ ಬಾ’ ಎಂದಿರೋ, ‘ಇನ್ನು ಮನೆಯಲ್ಲಿ ಅಡುಗೆ ಯಾರು ಮಾಡುತ್ತಾರೆ?’ ಎಂದಿರೋ? ನೆನಪಿಲ್ಲವೆಂದು ಜಾರಿಕೊಳ್ಳಬೇಡಿ. ಹೈದರಾಬಾದಿನ ಲಿಂಗಂಪಲ್ಲಿಯ ಗುರುಶಾಂತನಿಗೆ ನೆನಪಿದೆ. ಅವನ ಹೆಂಡತಿ ಶಿವಗಂಗಾ ಕೇಂದ್ರ ಪೊಲೀಸ್ ಪಡೆಯ ಮಹಿಳಾ ತುಕಡಿಯೊಡನೆ ಶಾಂತಿಪಾಲನೆಯ ಕೆಲಸಕ್ಕೆಂದು ಆಫ್ರಿಕದ ಲೈಬೀರಿಯಾಕ್ಕೆ ಹೋಗಿ ಎಂಟು ತಿಂಗಳಾಗಿತ್ತು. ಈ ಎಂಟು ತಿಂಗಳಲ್ಲಿ ಹಾಲಿನವನು ತೆಲುಗಿನಲ್ಲಿ, ಕಾರ್ಖಾನೆಯ ಗೇಟಿನ ಕಾವಲುಗಾರ ಉರ್ದುವಿನಲ್ಲಿ, ಲಿಂಗಸುಗೂರಿನಿಂದ ಫೋನು ಮಾಡಿದ ಸೋದರಮಾವ ಅಪ್ಪಟ ಊರ ಕನ್ನಡದಲ್ಲಿ ಅವನನ್ನು ಕೇಳಿದ್ದು ಆ ಒಂದೇ ಪ್ರಶ್ನೆ. ಅವಳ ಕೈಯಲ್ಲಿ ಬಂದೂಕಿದೆಯೆಂಬುದಾಗಲಿ, ಅವಳು ಕಾವಲು ತಿರುಗುವ ಬೀದಿಗಳಲ್ಲಿ ಯುದ್ಧ ಮುಗಿದು ಇನ್ನೂ ನಾಲ್ಕು ವರ್ಷವಷ್ಟೇ ಆಗಿದೆಯೆಂಬುದಾಗಲಿ ಯಾರಿಗೂ ಬೇಕಾಗಿರಲಿಲ್ಲ. ಅಡುಗೆ ಬೇಕಾಗಿತ್ತು. ಅದೇ ಕಟ್ಟಡದ ಮೇಲಿನ ಮಹಡಿಯ ಸೂರಜ್ ಕಂಪ್ಯೂಟರ್ ಕಂಪನಿಯ ಕೆಲಸದ ಮೇಲೆ ಆರು ತಿಂಗಳು ಜರ್ಮನಿಗೆ ‘ಆನ್‌ಸೈಟ್’ ಹೋದಾಗ ಅವನ ಹೆಂಡತಿ ಶೋಭಾ ಮೂರು ಮಹಡಿಗೂ ಪೇಢೆ ಹಂಚಿದ್ದಳು; ಅವಳನ್ನು ಯಾರೂ ಏನೂ ಕೇಳಿರಲಿಲ್ಲ. ಗಂಡ ಹೋದರೆ ಪೇಢೆ, ಹೆಂಡತಿ ಹೋದರೆ ವಿಚಾರಣೆ. ಈ ನ್ಯಾಯವನ್ನು ಯಾವ ಶಾಲೆಯಲ್ಲಿ ಕಲಿತಿರಿ?

ಆ ಗುರುವಾರ ಬೆಳಿಗ್ಗೆ ಗುರುಶಾಂತನನ್ನು ಎಬ್ಬಿಸಿದ್ದು ರೊಟ್ಟಿ ಬಡಿಯುವ ಸದ್ದು. ದಿನವೂ ಎಬ್ಬಿಸುತ್ತಿದ್ದುದು ಅದೇ ಸದ್ದು. ಆದರೆ ಆ ದಿನ ಅವನು ಕಣ್ಣು ತೆರೆಯದೆ, ತೀರ್ಪು ಕೇಳುವವನ ಹಾಗೆ, ಒಂದೊಂದು ಬಡಿತವನ್ನೂ ಕೇಳುತ್ತ ಮಲಗಿದ. ಬಡಿಯುತ್ತಿದ್ದುದು ಬಲಗೈ. ಅವನ ಅವ್ವ ಪಾರ್ವತೆಮ್ಮ ಅರವತ್ತಾರರ ವಯಸ್ಸಿನಲ್ಲೂ ಎಡಗೈಯಿಂದ ಹಿಟ್ಟನ್ನು ತಿರುಗಿಸುತ್ತ ಬಲಗೈಯ ಐದೂ ಬೆರಳುಗಳನ್ನು ಅಗಲಿಸಿ ಬಡಿದಳೆಂದರೆ ಕೆಳಮನೆಯ ಗೋಡೆಯ ಗಡಿಯಾರವೂ ಅಲುಗುತ್ತದೆ ಎಂದು ಕೆಳಮನೆಯವರು ದೂರುತ್ತಿದ್ದರು. ಆ ಕೈ, ಇಪ್ಪತ್ತು ದಿನಗಳ ಹಿಂದೆ ಅವಳ ಮಗ ಸಹಿ ಹಾಕಿ ಶಿವಗಂಗಾಳ ಪಡೆಯ ಕಚೇರಿಗೆ ಕಳುಹಿಸಿದ ಅರ್ಜಿಯ ಪ್ರಕಾರ, ಸತ್ತಿತ್ತು. ‘ನನ್ನ ವೃದ್ಧ ತಾಯಿಗೆ ಲಕ್ವಾ ಹೊಡೆದು ಬಲಗೈ ಮತ್ತು ಬಲಗಾಲು ಬಿದ್ದುಹೋಗಿವೆ. ಅವಳನ್ನೂ ಒಂಬತ್ತು ವರ್ಷದ ಮಗಳನ್ನೂ ನೋಡಿಕೊಳ್ಳುವವರಿಲ್ಲ. ಆದ್ದರಿಂದ ನನ್ನ ಪತ್ನಿಯನ್ನು ಅವಧಿಗೆ ಮುಂಚೆಯೇ ಸ್ವದೇಶಕ್ಕೆ ಕಳುಹಿಸಿಕೊಡಬೇಕು.’ ಇಂಗ್ಲಿಷಿನಲ್ಲಿ ಅದನ್ನು ಬರೆದುಕೊಟ್ಟವನು ಕಾರ್ಖಾನೆಯ ಗೆಳೆಯ ಅಂಬಾದಾಸ. ‘ಅರ್ಧ ಜಡ್ಡು ಸರ್ಕಾರಕ್ಕ ಕಾಣಂಗಿಲ್ಲೋ ಗುರು, ಪೂರಾ ಹಾಸಿಗಿ ಹಿಡದಾರ ಅಂತ ಹಾಕೂಣು’ ಎಂದು ಅವನೇ ಒಂದು ಪದ ಸೇರಿಸಿದ್ದ. ಗುರುಶಾಂತ ಬೇಡವೆನ್ನಲಿಲ್ಲ. ಅರ್ಜಿ ಯಾವುದೋ ಕಪಾಟಿನಲ್ಲಿ ಕೊಳೆಯುತ್ತದೆಂದು ಅವನು ನಂಬಿದ್ದ. ನಿನ್ನೆ ಸಂಜೆ ಆ ಕಚೇರಿಯಿಂದ ಫೋನಿನಲ್ಲಿ ಒಬ್ಬ ಹೆಂಗಸಿನ ದನಿ ಹಿಂದಿಯಲ್ಲಿ, ನಾಳೆ ನಾಲ್ಕು ಗಂಟೆಗೆ ತಾಯಿಯವರನ್ನು ನೋಡಿ ವರದಿ ಬರೆಯಲು ಮನೆಗೆ ಬರುತ್ತೇನೆ ಎಂದಿತ್ತು.

‘ಯಪ್ಪಾ, ಜಡಿ ಹಾಕು’ ಎಂದು ಮಗಳು ಲಹರಿ ಬಾಚಣಿಗೆ ಹಿಡಿದು ಬಂದು ಬೆನ್ನು ತಿರುಗಿಸಿ ಕುಳಿತಳು. ಮೊದಲ ತಿಂಗಳು ಅವನು ಹೆಣೆದ ಜಡೆ ಶಾಲೆಯ ಗೇಟು ಮುಟ್ಟುವಷ್ಟರಲ್ಲಿ ಬಿಚ್ಚಿಹೋಗುತ್ತಿತ್ತು. ಮೇಡಮ್ಮು ‘ಅಮ್ಮ ಊಳ್ಳೋ ಲೇದಾ?’, ಅಮ್ಮ ಊರಲ್ಲಿಲ್ಲವೇ, ಎಂದು ತರಗತಿಯ ಮುಂದೆಯೇ ಕೇಳಿದ್ದಳಂತೆ. ಈಗ ಅವನ ಬೆರಳುಗಳಿಗೆ ಅದು ಬಂದುಬಿಟ್ಟಿತ್ತು. ಮೂರು ಎಳೆ, ಕೆಂಪು ರಿಬ್ಬನ್ನು, ಎರಡು ಗಂಟು. ಬಂದುಬಿಟ್ಟಿತ್ತೆಂಬುದೇ ಅವನನ್ನು ಕಾಡುತ್ತಿದ್ದ ಸಂಗತಿ. ಗ್ಯಾಸಿನ ನಂಬರು, ಹಾಲಿನ ಚೀಟಿ, ಪರೀಕ್ಷೆಯ ವೇಳಾಪಟ್ಟಿ, ಅವ್ವನ ಬಿ.ಪಿ. ಗುಳಿಗೆ, ಎಲ್ಲವೂ ತಮ್ಮ ತಮ್ಮ ಜಾಗದಲ್ಲಿ ಕೂತು ಸಂಸಾರ ಎಣ್ಣೆ ಬಿಟ್ಟ ತಿರುಗಣಿಯಂತೆ ಸಾಗುತ್ತಿತ್ತು. ಹೆಂಡತಿಯಿಲ್ಲದೆ ಮನೆ ನಡೆಯುತ್ತದೆ ಎಂದಾದರೆ, ತಾನಿಲ್ಲದೆ ಹೆಂಡತಿಯೂ ನಡೆಯುತ್ತಾಳೆ ಎಂದಾಯಿತಲ್ಲ? ಪ್ರತಿ ರವಿವಾರ ಸಂಜೆ ಐದಕ್ಕೆ ಅವಳ ಫೋನು ಬರುತ್ತಿತ್ತು. ಅವಳ ದನಿಯ ಹಿಂದೆ ಬೇರೆ ಹೆಂಗಸರ ನಗು, ಯಾವುದೋ ವಾಹನದ ಗುಡುಗು, ಸಮುದ್ರದಂಥ ಒಂದು ಮೊರೆತ. ಅಲ್ಲಿಯ ಹುಡುಗಿಯರು ತಮ್ಮ ಗಾಡಿಯ ಹಿಂದೆ ಓಡಿ ಬಂದು ‘ನಾವೂ ಪೊಲೀಸ್ ಆಗ್ತೀವಿ’ ಎನ್ನುತ್ತಾರೆಂದು ಹೇಳಿ ಅವಳು ಗಟ್ಟಿಯಾಗಿ ನಕ್ಕಿದ್ದಳು. ಹೈದರಾಬಾದಿನ ಎರಡು ಕೋಣೆಯ ಮನೆಯಲ್ಲಿ ಅವಳು ಹಾಗೆ ನಕ್ಕದ್ದು ಅವನಿಗೆ ನೆನಪಿರಲಿಲ್ಲ. ಒಂದು ರವಿವಾರ ಅವ್ವನ ಬಗ್ಗೆ ಕೇಳಿದಳು, ಲಹರಿಯ ಹಲ್ಲಿನ ಬಗ್ಗೆ ಕೇಳಿದಳು, ಕಿಟಕಿಯಲ್ಲಿಟ್ಟ ತುಳಸಿಯ ಬಗ್ಗೆಯೂ ಕೇಳಿದಳು. ಅವನ ಬಗ್ಗೆ ಕೇಳುವ ಮೊದಲು ಫೋನು ಕಡಿದುಹೋಯಿತು. ಮರುದಿನವೇ ಅವನು ಅಂಬಾದಾಸನ ಮೇಜಿನ ಮುಂದೆ ಕೂತಿದ್ದ. ಕಾರಣ ಅಷ್ಟೇ. ದೊಡ್ಡ ಪಾಪಗಳಿಗೆ ದೊಡ್ಡ ಕಾರಣ ಇರುತ್ತದೆಂದು ತಿಳಿದವರು ಮನುಷ್ಯರನ್ನು ಹತ್ತಿರದಿಂದ ನೋಡಿಲ್ಲ.

ಆ ಅರ್ಜಿಯಿಂದ ಏನಾಗಬಹುದೆಂಬುದು ಅವನಿಗೆ ಗೊತ್ತಿತ್ತು. ಮಂಜೂರಾದರೆ ಅವಳು ಅರ್ಧದಲ್ಲೇ ಮರಳಬೇಕು. ಅವಳ ಸೇವಾ ಪುಸ್ತಕದಲ್ಲಿ ‘ಗೃಹ ಕಾರಣ’ ಎಂಬ ಎರಡು ಪದ ಕೂರುತ್ತವೆ. ಮುಂದೆ ಯಾವ ಪಟ್ಟಿಯಲ್ಲೂ ಅವಳ ಹೆಸರು ಬರುವುದಿಲ್ಲ. ಹೆಂಗಸರನ್ನು ಕಳುಹಿಸಿದರೆ ಹಣೆಬರಹ ಇಷ್ಟೇ ಎನ್ನಲು ಕಾದು ಕೂತವರ ಕೈಗೆ ಒಂದು ಸಾಕ್ಷಿ ಸಿಕ್ಕುತ್ತದೆ. ಸುಳ್ಳೆಂದು ಬಯಲಾದರೆ ಇನ್ನೂ ಕೆಟ್ಟದ್ದು. ಸುಳ್ಳು ಅವನದು, ಕಳಂಕ ಅವಳದು. ಹದಿನಾಲ್ಕು ವರ್ಷ ಕವಾಯತು ಮಾಡಿ, ಹೆರಿಗೆಯಾದ ಎಂಟನೆಯ ತಿಂಗಳಿಗೇ ಮತ್ತೆ ಓಟದ ಪರೀಕ್ಷೆಗೆ ನಿಂತು ಅವಳು ಗಳಿಸಿದ ಸ್ಥಾನ ಅದು. ಅವಳಿಗೆ ಈ ಅರ್ಜಿಯ ಸುದ್ದಿಯೇ ತಿಳಿದಿರಲಿಲ್ಲ. ಇಂದು ನಾಲ್ಕು ಗಂಟೆಗೆ ಅವ್ವ ಹಾಸಿಗೆಯಲ್ಲಿರಬೇಕು, ಇಲ್ಲವೇ ನಿಜ ಹೊರಬೀಳಬೇಕು. ಜಡೆಯ ಕೊನೆಯ ಗಂಟನ್ನು ಅವನು ಜೋರಾಗಿ ಬಿಗಿದ. ‘ಯಪ್ಪಾ, ನೋಯ್ತೈತಿ!’ ಎಂದಳು ಲಹರಿ.

ಕಾರ್ಖಾನೆಯಲ್ಲಿ ಅವನದು ತಪಾಸಣೆಯ ಕೆಲಸ. ಉಕ್ಕಿನ ಒಂದು ಮೋಟು ಕಡ್ಡಿ. ಅದರ ಒಂದು ತುದಿ ಕೊರೆದ ತೂತಿನೊಳಗೆ ಸಲೀಸಾಗಿ ಹೋಗಬೇಕು, ಇನ್ನೊಂದು ತುದಿ ಹೋಗಬಾರದು. ಹೋಗಬಾರದ ತುದಿ ಹೋಯಿತೋ, ಆ ಬಿಡಿಭಾಗದ ಹಣೆಗೆ ಕೆಂಪು ಬಣ್ಣ. ಇಪ್ಪತ್ತು ವರ್ಷಗಳಿಂದ ಅವನು ಹೀಗೆ ಒಳಗೆ ಹೋದದ್ದನ್ನೂ ಹೋಗದ್ದನ್ನೂ ನೋಡಿ ನ್ಯಾಯ ಹೇಳುತ್ತ ಬಂದಿದ್ದ. ಕೂದಲೆಳೆಯ ತಪ್ಪಿಗೂ ಅವನ ಹತ್ತಿರ ಕ್ಷಮೆಯಿಲ್ಲವೆಂದು ಹೆಸರಾಗಿತ್ತು. ಆ ದಿನ ಹನ್ನೊಂದರ ಸುಮಾರಿಗೆ ತಂದಿಟ್ಟ ಭಾಗದೊಳಗೆ ಹೋಗಬಾರದ ತುದಿ ಬೆಣ್ಣೆಯೊಳಗೆ ಹೋದಂತೆ ಹೋಯಿತು. ಅವನು ಕುಂಚವನ್ನು ಕೆಂಪು ಡಬ್ಬಿಗೆ ಅದ್ದಿ ಹಾಗೆಯೇ ಹಿಡಿದುಕೊಂಡು ನಿಂತ. ‘ಏನಪಾ, ಮಂಗಳಾರತಿ ಮಾಡಾಕತ್ತೀ ಏನ ಅದಕ್ಕ?’ ಎಂದ ಅಂಬಾದಾಸ ಪಕ್ಕಕ್ಕೆ ಬಂದು, ದನಿ ತಗ್ಗಿಸಿದ. ‘ಅವ್ವಾರಿಗಿ ಹೇಳಿದ್ಯೋ ಇಲ್ಲೋ? ಬಾಯಿ ಒಂಚೂರು ಸೊಟ್ಟ ಮಾಡಂತ ಹೇಳು. ಮಾತಾಡಿದ್ರ ಕೆಟ್ಟಿತು, ನಿಮ್ಮವ್ವನ ಬಾಯಿ ನನಗ ಗೊತ್ತೈತಿ.’ ಕುಂಚದ ತುದಿಯಿಂದ ಕೆಂಪು ಹನಿಯೊಂದು ಹಿಡಿಯಗುಂಟ ಜಾರಿ ಗುರುಶಾಂತನ ಬಲ ಅಂಗೈಗೆ ಇಳಿಯಿತು. ಸೀಮೆಎಣ್ಣೆ ಹಚ್ಚಿ ಉಜ್ಜಿದರೂ ಅದರ ಕಲೆ ಗೆರೆಗಳೊಳಗೆ ಉಳಿಯಿತು. ಅರ್ಧ ದಿನದ ರಜೆ ಬರೆದುಕೊಟ್ಟು ಅವನು ಹೊರಬಿದ್ದ.

ಸ್ಟೇಷನ್ನಿನ ಬದಿಯ ರಸ್ತೆಯಲ್ಲಿ ಎರಡು ಕಡೆಯೂ ಕಟ್ಟಡಗಳು ಏಳುತ್ತಿದ್ದವು. ಸಿಮೆಂಟಿನ ಬುಟ್ಟಿ ಹೊತ್ತ ಹೆಂಗಸರು ತಮ್ಮೂರಿನ ಕನ್ನಡದಲ್ಲೇ ಮೇಸ್ತ್ರಿಯನ್ನು ಬೈಯುತ್ತಿದ್ದರು. ಕಂಪ್ಯೂಟರ್ ಕಂಪನಿಗಳ ಬಿಳಿ ಬಸ್ಸುಗಳು ಅವರ ಮೇಲೆ ಧೂಳೆಬ್ಬಿಸಿ ಹೋಗುತ್ತಿದ್ದವು. ಶಿವಗಂಗಾ ಹೊರಟ ಜನವರಿಯ ಆ ಬೆಳಗಿನಲ್ಲಿಯೂ ಹೀಗೆ ಬಸ್ಸುಗಳು ಸಾಲಾಗಿ ನಿಂತಿದ್ದವು, ಪಡೆಯ ವಸತಿಯ ದೊಡ್ಡ ಗೇಟಿನ ಮುಂದೆ. ನೀಲಿ ಟೊಪ್ಪಿಗೆಯ ಹೆಂಗಸರು, ಅವರ ಮಕ್ಕಳು, ಪಕ್ಕದಲ್ಲಿ ಏನು ಮಾಡಬೇಕೆಂದು ತಿಳಿಯದೆ ಕೈಕಟ್ಟಿ ನಿಂತ ಗಂಡಂದಿರು. ಅವ್ವ ಗುಂಪನ್ನು ಸೀಳಿಕೊಂಡು ಮುಂದೆ ಹೋಗಿ ಕೈಚೀಲದಿಂದ ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಶಿನ ಕೊಂಬು, ಅಡಿಕೆ, ಹಸಿರು ಅಂಚಿನ ಒಂದು ರವಿಕೆಯ ಖಣ, ಒಂದೊಂದಾಗಿ ತೆಗೆದಳು. ‘ತಡಿ ಗಂಗಾ, ದೂರ ಹೊಂಟೀದಿ. ಉಡಿ ತುಂಬಿ ಕಳಸ್ತೀನಿ.’ ಮನೆಯಿಂದ ಹೊರಡುವ ಮಗಳಿಗೆ ಸೊಸೆಗೆ ಸೆರಗಿನಲ್ಲಿ ಐದು ಹಿಡಿ ಅಕ್ಕಿ ಹಾಕಿ ಕಳುಹಿಸದಿದ್ದರೆ ಅವ್ವನ ಲೆಕ್ಕದಲ್ಲಿ ಅವರು ಹೊರಟೇ ಇಲ್ಲ. ಶಿವಗಂಗಾ ನಾಚುತ್ತಲೇ ಅಂಗಿಯ ಅಂಚಿಗೆ ಕೈಹಾಕಿದ್ದಳು. ಪಕ್ಕದ ಅಧಿಕಾರಿಯೊಬ್ಬ ಇತ್ತ ತಿರುಗಿ ನೋಡಿದ. ಆ ನೋಟದಲ್ಲಿ ಏನಿತ್ತೋ, ಗುರುಶಾಂತನಿಗೆ ಕಿವಿ ಬಿಸಿಯಾಯಿತು. ‘ಪ್ಯಾಂಟ್ ಹಾಕ್ಕೊಂಡಾಕಿಗಿ ಎಲ್ಲಿ ಉಡಿ ಐತಿ ಬೇ? ಸುಮ್ಕಿರು. ಅದೂ ನಿನ್ನ ಕೈಲೆ...’ ಮಾತನ್ನು ಅರ್ಧಕ್ಕೇ ನುಂಗಿದ. ಅರ್ಧ ಮಾತೇ ಸಾಕಾಯಿತು. ಯಾರೋ ಕಿಸಕ್ಕೆಂದು ನಕ್ಕರು. ಗಂಡ ತೀರಿಹೋದವಳ ಕೈಯಿಂದ ಉಡಿ ತುಂಬಿಸಬಾರದೆಂಬುದನ್ನು ಅವ್ವನಿಗೆ ಯಾರೂ ಕಲಿಸಿಕೊಡಬೇಕಾಗಿರಲಿಲ್ಲ. ಗೊತ್ತಿದ್ದೂ, ಅದನ್ನು ಮೀರಿ ಅವಳು ಕೈ ಮುಂದೆ ಮಾಡಿದ್ದಳು. ಅವಳು ಆ ಬಲಗೈಯನ್ನು ನಿಧಾನವಾಗಿ ಹಿಂದಕ್ಕೆಳೆದು ತನ್ನ ಸೆರಗಿನೊಳಗೆ ಮುಚ್ಚಿಕೊಂಡಳು, ಸುಟ್ಟುಕೊಂಡವರು ಮುಚ್ಚಿಕೊಳ್ಳುವಂತೆ. ಬಸ್ಸು ಹೋಯಿತು. ಅಕ್ಕಿ ಮನೆಗೆ ಮರಳಿ ಡಬ್ಬಿ ಸೇರಿತು. ಮೂರನೆಯ ದಿನ ಅದನ್ನು ಅನ್ನ ಮಾಡಿ ಬಡಿಸಿದಳು, ಅವನು ಉಂಡ. ಅಪಶಕುನವೆಂದು ತಡೆದ ಕೈಯೇ ತನಗೆ ನಲವತ್ತೆರಡು ವರ್ಷದಿಂದ ಅನ್ನ ಹಾಕುತ್ತಿದೆಯೆಂದು ಉಣ್ಣುವಾಗ ಅವನಿಗೆ ಹೊಳೆಯಲಿಲ್ಲ. ಎಂಟು ತಿಂಗಳ ನಂತರ, ಧೂಳಿನ ರಸ್ತೆಯಲ್ಲಿ, ಅಂಗೈಯ ಕೆಂಪು ಕಲೆಯನ್ನು ಪ್ಯಾಂಟಿಗೆ ಒರೆಸುತ್ತ ನಡೆಯುವಾಗ ಹೊಳೆಯಿತು. ಅಂದು ಅಪಶಕುನವೆಂದ; ಮೊನ್ನೆ ಸತ್ತಿದೆಯೆಂದು ಬರೆದ. ಒಂದೇ ಕೈಯನ್ನು ಎರಡು ಸಲ ಕಡಿದಿದ್ದ.

‘ಇಷ್ಟ್ ಲಗೂನ ಬಂದಿ?’ ಎಂದಳು ಅವ್ವ, ಬೇಳೆ ಆರಿಸುತ್ತ. ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದ ಮಾತುಗಳೆಲ್ಲ ಅವಳ ಎದುರಿಗೆ ಕಲಸಿಹೋದವು.

‘ನಾಕಕ್ಕ ಯಾರೋ ಬರೋರದಾರ ಬೇ. ನೀ ಅಷ್ಟೊತ್ತಿಗೆ ಮಲ್ಕೊಂಡಿರು.’

‘ಮಂದಿ ಬಂದಾಗ ಮಲ್ಕೊಂಡಿರ್ಲ್ಯಾ? ಚಾ ಮಾಡೋರ್ಯಾರು, ನಿಮ್ಮಪ್ಪ ಎದ್ದು ಬರ್ತಾನೇನು?’

‘ನಾ ಮಾಡ್ತೀನಿ. ನೀ ದಣದೀ.’

ಬೇಳೆ ಆರಿಸುವ ಬೆರಳು ನಿಂತಿತು. ‘ಏನಂದಿ?’

‘ದಣದೀ ಅಂದೆ.’

ಪಾರ್ವತೆಮ್ಮ ಮಗನ ಕಡೆ ತಿರುಗಿದಳು. ‘ನಿಮ್ಮಪ್ಪ ಮೂವತ್ತು ವರ್ಷ ನನ್ನ ಕೂಡ ಬಾಳೇವು ಮಾಡಿದ. ಒಂದಿನ ಈ ಮಾತು ಅನ್ನಲಿಲ್ಲ ನೋಡು. ಹೆಂಡ್ತಿ ದೂರ ಹೋದಮ್ಯಾಲೆ ನಿನಗ ಬುದ್ಧಿ ಬಂದೈತಿ, ಗಂಗಾ ಇನ್ನೊಂದ್ ವರ್ಷ ಅಲ್ಲೇ ಇರಲಿ’ ಎಂದು ನಕ್ಕು, ಮೊರವನ್ನು ಬದಿಗಿಟ್ಟು, ಹೇಳಿದ ಮಾತು ಕೇಳುವ ಮಗುವಿನಂತೆ ಹೋಗಿ ಹೊರಕೋಣೆಯ ಮಂಚದ ಮೇಲೆ ಮಲಗಿದಳು. ಐದೇ ನಿಮಿಷದಲ್ಲಿ ನಿದ್ದೆ ಹೋದಳು. ಮಗ ಕಾಳಜಿ ಮಾಡಿದನೆಂಬ ಸಂತೋಷದ ನಿದ್ದೆ ಅದು. ಅವನು ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತ. ಬೈದಿದ್ದರೆ ಚೆನ್ನಾಗಿತ್ತು.

ಮೂರೂವರೆಗೆ ಇಣುಕಿದಾಗ ಅವ್ವ ಅಂಗಾತ ಮಲಗಿದ್ದಳು. ಎಡಗೈ ಹೊಟ್ಟೆಯ ಮೇಲಿತ್ತು. ಬಲಗೈ ಮಂಚದ ಅಂಚಿನಿಂದ ಕೆಳಕ್ಕೆ ಇಳಿಬಿದ್ದಿತ್ತು, ಅಂಗೈ ಹೊರಕ್ಕೆ ತಿರುಗಿ, ಬೆರಳುಗಳು ಅರ್ಧ ಮುಚ್ಚಿ. ಹೆಬ್ಬೆರಳಿನ ಬುಡದಲ್ಲಿ ತವೆಯ ಹಳೆಯ ಸುಟ್ಟ ಗಾಯ, ಉಗುರಿನ ಸಂದಿಯಲ್ಲಿ ಬೆಳಗಿನ ಜೋಳದ ಹಿಟ್ಟು. ಅದು ಅಲುಗುತ್ತಿರಲಿಲ್ಲ. ನಿದ್ದೆಯಲ್ಲಿರುವವರ ಕೈ ಅಲುಗುವುದಿಲ್ಲವೆಂದು ಅವನು ತನಗೆ ತಾನೇ ಹೇಳಿಕೊಂಡ. ಆದರೆ ಎಡಗೈ ಉಸಿರಿನೊಡನೆ ಏರಿಳಿಯುತ್ತಿತ್ತು, ಬಲಗೈ ಮಾತ್ರ ಯಾರೋ ಬಿಚ್ಚಿ ನೇತುಹಾಕಿದ ವಸ್ತುವಿನಂತಿತ್ತು. ಊರಲ್ಲಿ ಅಜ್ಜಿ ಹೇಳುತ್ತಿದ್ದಳು, ಬಾಯಿಂದ ಕೆಟ್ಟದ್ದು ಆಡಬೇಡ, ಮೇಲೆ ಹೋಗುವ ದೇವರು ಅಸ್ತು ಅಂದಾನು. ಬಾಯಿಂದಲೂ ಅಲ್ಲ, ಅವನು ಬರೆದುಕೊಟ್ಟಿದ್ದ, ತಾರೀಖು ಹಾಕಿ, ಸಹಿ ಮಾಡಿ, ಮೂರು ಪ್ರತಿಗಳಲ್ಲಿ. ಬಿ.ಪಿ. ಗುಳಿಗೆ ಬೆಳಿಗ್ಗೆ ಕೊಟ್ಟೆನೋ ಇಲ್ಲವೋ? ಕೊಟ್ಟೆ. ನಿನ್ನೆ ಕೊಟ್ಟದ್ದೋ? ಅಧಿಕಾರಿ ಬಂದು ನೋಡಿ, ಅರ್ಜಿಯಲ್ಲಿರುವುದೆಲ್ಲ ನಿಜ ಎಂದು ಬರೆದುಕೊಂಡು ಹೋಗುತ್ತಾಳೆ. ಶಿವಗಂಗಾ ಮರಳಿ ಬರುತ್ತಾಳೆ. ಅವನು ಕೇಳಿದ್ದೆಲ್ಲ ಅಕ್ಷರಶಃ ಆಗುತ್ತದೆ. ‘ಅವ್ವ’ ಎಂದ. ಮಂಡಿಯೂರಿ ಕುಳಿತು ಆ ಕೈಯನ್ನು ಮುಟ್ಟಲು ಹೋಗಿ ಮುಟ್ಟಲಾರದೆ, ತನ್ನ ಕೆಂಪು ಕಲೆಯ ಅಂಗೈಯನ್ನು ಅದರ ಎದುರಿಗೆ ಹಿಡಿದು ಹಾಗೆಯೇ ಕುಳಿತ. ಆಗ ಎಲ್ಲಿಂದಲೋ ಬಂದ ಒಂದು ನೊಣ ಅವ್ವನ ಗಲ್ಲದ ಮೇಲೆ ಕೂತಿತು. ಇಳಿಬಿದ್ದ ಬಲಗೈ ಮಿಂಚಿನಂತೆ ಮೇಲೆದ್ದು, ಫಟ್ಟೆಂದು ಗಲ್ಲಕ್ಕೆ ಬಡಿದು, ನೊಣವನ್ನು ಕೊಂದು, ಗೊರಕೆಯ ಲಯ ಒಂದಿಷ್ಟೂ ತಪ್ಪದಂತೆ ಮತ್ತೆ ಕೆಳಗಿಳಿಯಿತು.

ಅವನು ನೆಲದ ಮೇಲೆ ಕುಸಿದು ಕುಳಿತ. ಮೈಯ ಬಿಗಿಯೆಲ್ಲ ಹಗ್ಗ ಕಡಿದ ಮೂಟೆಯಂತೆ ಸಡಿಲಿತು. ನಗುವೋ ಅಳುವೋ ತಿಳಿಯದ ಒಂದು ಸದ್ದು ಮೂಗಿನಿಂದ ಹೊರಬಂತು. ಬಾಗಿಲ ಗಂಟೆ ಬಡಿಯಿತು.

ಬಂದವಳು ಸಮವಸ್ತ್ರದ ಸಬ್ ಇನ್ಸ್‌ಪೆಕ್ಟರು, ಮೂವತ್ತೈದರ ಆಸುಪಾಸಿನವಳು, ಕಂಕುಳಲ್ಲಿ ಕಡತ. ಹಿಂದಿಯಲ್ಲಿ ಶುರುಮಾಡಿದವಳು ಗೋಡೆಯ ಕನ್ನಡ ಕ್ಯಾಲೆಂಡರು ನೋಡಿ ಬೂಟು ಬಿಚ್ಚುತ್ತಲೇ ಮಾತು ಬದಲಿಸಿದಳು. ‘ನಮ್ಮ ಕಡಿಯವರೇನ್ರಿ? ನಾ ಭಾಲ್ಕಿಯಾಕಿ, ಮಂದಾಕಿನಿ ಅಂತ. ಇವರೇ ಏನ್ರಿ ತಾಯಿಯವರು?’ ಮಂಚದ ಕಡೆಗೆ ನೋಡಿ ದನಿ ತಗ್ಗಿಸಿದಳು. ‘ಪಾಪ. ಮಾತಾಡ್ತಾರೇನ್ರಿ?’

ಅವ್ವ ಮಲಗಿಯೇ ಇದ್ದಳು. ಒಂದು ಹೂಂ ಸಾಕಾಗಿತ್ತು. ಇನ್ನೊಂದು ಹತ್ತು ನಿಮಿಷ ಗೊರಕೆ ನಿಲ್ಲದಿದ್ದರೆ ವರದಿ ಮುಗಿದು, ಕಡತ ಮುಚ್ಚಿ, ಅವಳು ಮೆಟ್ಟಿಲಿಳಿದು ಹೋಗುತ್ತಿದ್ದಳು. ಗುರುಶಾಂತನಿಗೆ ತನ್ನ ಬೆರಳುಗಳ ನಡುವೆ ಉಕ್ಕಿನ ಆ ಮೋಟು ಕಡ್ಡಿ ಇದ್ದಂತೆ ಅನ್ನಿಸಿತು. ಹೋಗಬಾರದ ತುದಿ ಸಲೀಸಾಗಿ ಹೋಗುತ್ತಿತ್ತು.

‘ಮ್ಯಾಡಮ್ಮರ, ಅದು ಸುಳ್ಳರಿ.’

‘ಯಾವ್ದು?’

‘ಪೂರಾ. ಲಕ್ವಾ ಹೊಡದಿಲ್ಲ. ಏನೂ ಆಗಿಲ್ಲ. ನಮ್ಮಾಕಿಗಿ ಇದು ಗೊತ್ತಿಲ್ಲರಿ. ಬರದಾಂವ ನಾನು.’

ಮಂದಾಕಿನಿ ಕಡತವನ್ನು ಮಡಿಲ ಮೇಲಿಟ್ಟುಕೊಂಡು ಅವನನ್ನೇ ನೋಡಿದಳು. ‘ಯಾಕ್ರಿ?’ ಎಂದಳು. ಅವನಿಗೆ ರವಿವಾರದ ಫೋನಿನ ಕಥೆ ಹೇಳಲು ನಾಲಿಗೆ ಏಳಲಿಲ್ಲ. ‘ಮನಿ ನಡೀತಿತ್ತರಿ’ ಎಂದ, ‘ಅದಕ್ಕ.’ ಆಶ್ಚರ್ಯವೆಂದರೆ ಅವಳಿಗೆ ಅದು ಅರ್ಥವಾಯಿತು. ಕಿಟಕಿಯ ತುಳಸಿಯ ಕಡೆ ನೋಡುತ್ತ, ‘ಒಂದು ಕೆಲಸ ಮಾಡ್ರಿ’ ಎಂದಳು. ‘ತಾಯಿಯವರು ಈಗ ಸುಧಾರಿಸ್ಯಾರ, ಅರ್ಜಿ ವಾಪಸ್ ತಗೋತೀನಿ ಅಂತ ಎರಡು ಸಾಲು ಬರ್ದುಕೊಡ್ರಿ. ಯಾರಿಗೂ ತ್ರಾಸಿಲ್ಲ.’ ದಯೆಯ ಮಾತೇ. ಒಪ್ಪಿಕೊಂಡಿದ್ದರೆ ಯಾರೂ ಬೆರಳು ತೋರಿಸುತ್ತಿರಲಿಲ್ಲ. ಆದರೆ ಸುಧಾರಿಸಬೇಕಾದರೆ ಮೊದಲು ಆ ಕೈ ಬಿದ್ದಿರಬೇಕಲ್ಲ? ಇನ್ನೊಂದು ಸಲ ಕಡಿದಂತಾಯಿತಲ್ಲ? ‘ಬ್ಯಾಡ್ರಿ’ ಎಂದ. ‘ಸುಳ್ಳಿತ್ತು ಅಂತನ ಬರೀತೀನಿ.’ ಲಹರಿಯ ನೋಟುಬುಕ್ಕಿನ ಹಾಳೆ ಹರಿದು, ಅಂಬಾದಾಸನ ಇಂಗ್ಲಿಷಿಲ್ಲದೆ, ತನಗೆ ಬಂದಷ್ಟು ಹಿಂದಿಯಲ್ಲಿ ಬರೆದ: ನನ್ನ ತಾಯಿ ಆರೋಗ್ಯವಾಗಿದ್ದಾಳೆ, ಆರೋಗ್ಯವಾಗಿಯೇ ಇದ್ದಳು, ಮೊದಲು ಬರೆದದ್ದು ಸುಳ್ಳು, ನನ್ನ ಹೆಂಡತಿಗೆ ಇದು ತಿಳಿಯದು, ತಪ್ಪು ನನ್ನದು. ನಾಲ್ಕೇ ಸಾಲು. ಪ್ರತಿಯೊಂದು ಸಾಲಿಗೂ ಎದೆಯ ಮೇಲಿನ ಕಲ್ಲೊಂದು ಇಳಿಯಿತು. ‘ಆಕಿ ಹೆಸರಿಗಿ ಏನರ...’ ಎಂದು ಕೇಳಿದ. ಮಂದಾಕಿನಿ ಹಾಳೆಯನ್ನು ಎರಡು ಸಲ ಓದಿದಳು. ‘ಆಕಿ ಸಹಿ ಎಲ್ಲೂ ಇಲ್ಲ. ಇದರಾಗ ನೀವೇ ಹೇಳೀರಿ ಆಕಿಗಿ ಗೊತ್ತಿಲ್ಲಂತ. ಸಾಹೇಬರು ನಿಮ್ಮನ್ನ ಕರೆಸಿ ಉಗೀಬಹುದು. ಉಗಿಸ್ಕೋರಿ.’ ಅವನು ತಲೆಯಾಡಿಸಿದ. ಉಗಿಸಿಕೊಳ್ಳುವುದು ಇಷ್ಟು ಹಗುರವೆಂದು ಅವನಿಗೆ ಗೊತ್ತಿರಲಿಲ್ಲ.

‘ಗಂಗಾ? ಯಾವಾಗ ಬಂದೆವ್ವಾ?’

ಪಾರ್ವತೆಮ್ಮ ಮಂಚದ ಮೇಲೆ ಎದ್ದು ಕುಳಿತಿದ್ದಳು. ಖಾಕಿ ಕಂಡು ಒಂದು ಕ್ಷಣ ಬೆಳಗಿದ ಮುಖ, ಮುಖ ಕಂಡು ತಿದ್ದಿಕೊಂಡಿತು. ‘ಗಂಗಾ ಅಲ್ಲ. ಯಾರವ್ವ ನೀ? ಆಕಿಗೇನಾಗೇತಿ?’ ‘ಏನೂ ಆಗಿಲ್ಲಮ್ಮ, ಆರಾಮದಾರ’ ಎಂದಳು ಮಂದಾಕಿನಿ, ಮತ್ತು ಮುಂದಿನ ಮಾತು ನಿನ್ನದು ಎಂಬಂತೆ ಗುರುಶಾಂತನ ಕಡೆ ನೋಡಿದಳು. ಅವನು ನಿಂತೇ ಹೇಳಿದ, ಶಾಲೆಯಲ್ಲಿ ಬೆಂಚಿನ ಮೇಲೆ ನಿಲ್ಲಿಸಿದ ಹುಡುಗನಂತೆ. ‘ನಿನಗ ಲಕ್ವಾ ಹೊಡದೈತಿ ಅಂತ ಬರದಿದ್ದೆ ಬೇ. ಗಂಗಾನ್ನ ವಾಪಸ್ ಕರಸಾಕ. ಬಲಗೈ ಬಿದ್ದೈತಿ ಅಂತ.’

ಅವ್ವ ತನ್ನ ಬಲಗೈಯನ್ನು ಎತ್ತಿ ನೋಡಿಕೊಂಡಳು, ಹಿಂದೆ, ಮುಂದೆ. ‘ಅದಕ್ಕ ಮಲ್ಕೊ ಅಂದಿ’ ಎಂದಳು. ಅಷ್ಟೇ. ಆ ಅಷ್ಟರಲ್ಲಿ ಬೇಳೆಯ ಮೊರದ ಮುಂದಿನ ನಗು, ಮಗುವಿನಂತೆ ಹೋಗಿ ಮಲಗಿದ್ದು, ಎಲ್ಲ ಇತ್ತು. ಅವನು ತಲೆ ತಗ್ಗಿಸಿದ. ಅವ್ವ ಮಂದಾಕಿನಿಯ ಕಡೆ ತಿರುಗಿದಳು. ‘ಎಡಗೈ ಬಿಟ್ಟಾನಲ್ಲವ್ವ, ಪುಣ್ಯಾತ್ಮ. ಇಲ್ಲಂದ್ರ ಈಗ ಚಾ ಹೆಂಗ ಸೋಸ್ತಿದ್ದೆ?’ ಮಂದಾಕಿನಿಗೆ ನಗು ತಡೆಯಲಾಗಲಿಲ್ಲ. ಸೆರಗಿಲ್ಲದ್ದರಿಂದ ಕಡತವನ್ನೇ ಬಾಯಿಗೆ ಅಡ್ಡ ಹಿಡಿದಳು. ‘ನೀ ಚಾ ಮಾಡ್ತೀನಂದಿದ್ದೀ, ಹೋಗು ಮಾಡು’ ಎಂದಳು ಅವ್ವ ಮಗನಿಗೆ. ‘ನಿಂತು ಕಂಬ ಆಗಬ್ಯಾಡ.’

ಅವನು ಚಹಾ ಕುದಿಸುವಾಗ ಹೊರಗಿನ ಮಾತು ಕೇಳುತ್ತಿತ್ತು. ಮುಂದಿನ ತುಕಡಿಯಲ್ಲಿ ಮಂದಾಕಿನಿಯೂ ಲೈಬೀರಿಯಾಕ್ಕೆ ಹೊರಟವಳು. ಅವಳ ಅತ್ತೆ ಎರಡು ತಿಂಗಳಿಂದ ಮಾತು ಬಿಟ್ಟಿದ್ದಾಳೆ. ಗಂಡ ಹೂಂ ಅಂದಿಲ್ಲ, ಉಹೂಂ ಅಂದಿಲ್ಲ. ‘ಬಸ್ ಹತ್ತೂ ಮುಂದ ಯಾರು ಬರ್ತಾರೋ ಗೊತ್ತಿಲ್ಲಮ್ಮ’ ಎಂದಳು. ಪೆಟ್ಟಿಗೆಯ ಮುಚ್ಚಳ ಕಿರುಗುಟ್ಟಿತು. ಅವನು ಲೋಟ ಹಿಡಿದು ಬಂದಾಗ ಅವ್ವ ಹಸಿರು ಅಂಚಿನ ಅದೇ ಖಣವನ್ನು ತೆಗೆದು ಕೊಡವುತ್ತಿದ್ದಳು, ಮಂಚದ ಮೇಲೆ ಅಕ್ಕಿಯ ಡಬ್ಬಿ ಇತ್ತು.

‘ಗಂಗಾಗ ಅಂತ ತಂದಿದ್ದೆ. ಆಕಿಗಿ ಮುಟ್ಟಲಿಲ್ಲ. ನಿನಗ ತುಂಬ್ಲೇನವ್ವ? ಗಂಡ ಸತ್ತಾಕಿ ಕೈ. ನಮ್ಮ ಮಗಗ ನಡೀಯಂಗಿಲ್ಲ.’ ಅವನ ಕಡೆ ನೋಡಲೇ ಇಲ್ಲ.

ಮಂದಾಕಿನಿ ಎದ್ದು ನಿಂತಳು. ಪಟ್ಟಿ ಸಡಿಲಿಸಿ, ಇಸ್ತ್ರಿ ಮಾಡಿದ ಅಂಗಿಯ ಮುಂಭಾಗವನ್ನು ಹೊರಗೆಳೆದು, ಎರಡೂ ಕೈಯಲ್ಲಿ ಅಗಲಿಸಿ ಹಿಡಿದಳು. ‘ಕಾಗದದಾಗ ಬಿದ್ದಿದ್ದ ಕೈ, ಎದ್ದು ಬಂದದ. ಇದಕ್ಕಿಂತ ಛೊಲೋ ಕೈ ಎಲ್ಲಿ ಸಿಗ್ತದಮ್ಮ? ತುಂಬ್ರಿ.’

ಆ ಬಲಗೈ ಡಬ್ಬಿಯೊಳಗೆ ಇಳಿಯಿತು. ಒಂದು. ಎರಡು. ಅಕ್ಕಿ ಖಾಕಿಯ ಮೇಲೆ ಮಳೆಯ ಮೊದಲ ಹನಿಗಳಂತೆ ಸದ್ದು ಮಾಡಿತು. ಮೂರು. ನಾಲ್ಕು. ಎದೆಯ ಮೇಲಿನ ಹೆಸರಿನ ಪಟ್ಟಿ ಅಲುಗಿತು. ಐದು. ಕೊಬ್ಬರಿ ಬಟ್ಟಲು ಮನೆಯಲ್ಲಿರಲಿಲ್ಲ. ಅವ್ವ ಒಂದು ಬೆಲ್ಲದ ಉಂಡೆಯಿಟ್ಟಳು, ಖಣವಿಟ್ಟಳು. ರೂಢಿಯಂತೆ ಮಂದಾಕಿನಿ ಐದು ಕಾಳು ಅಕ್ಕಿಯನ್ನು ಆರಿಸಿ ಡಬ್ಬಿಗೆ ಮರಳಿ ಹಾಕಿದಳು, ಹೊರಟ ಮನೆಯಲ್ಲಿ ತನ್ನ ಪಾಲಿನ ಅನ್ನ ಉಳಿಯಲೆಂದು. ಅವಳ ಕಣ್ಣು ತುಂಬಿತ್ತು. ‘ಚಾ ಆರತೈತಿ’ ಎಂದ ಗುರುಶಾಂತ. ಆ ದಿನ ಅವನು ಆಡಿದ ಮಾತುಗಳಲ್ಲಿ ಅದೊಂದೇ ಯಾವ ಹೊರೆಯೂ ಇಲ್ಲದ ಮಾತಾಗಿತ್ತು.

ಅವಳನ್ನು ಲೋಕಲ್ ರೈಲಿಗೆ ಬಿಟ್ಟು ಮರಳುವಾಗ ಸಂಜೆಯ ಬಿಸಿಲು ಅರ್ಧ ಕಟ್ಟಿದ ಮಹಡಿಗಳ ಮೇಲೆ ಹಳದಿಯಾಗಿ ಹರಡಿತ್ತು. ಏನೂ ಬದಲಾಗಿರಲಿಲ್ಲ: ಅದೇ ಧೂಳು, ಅದೇ ಬಿಳಿ ಬಸ್ಸುಗಳು. ಹಾಲಿನವನು ಸೈಕಲ್ಲು ನಿಲ್ಲಿಸಿ, ಮೇಡಮ್ಮು ಯಾವಾಗ ಬರುತ್ತಾರೆ, ಅಡುಗೆಗೆ ಕಷ್ಟವಲ್ಲವೇ ಎಂದು ಎಂದಿನಂತೆ ಕೇಳಿದ. ‘ಅಡುಗೆ ನಾನು ಮಾಡುತ್ತೇನೆ, ನಮ್ಮ ಅವ್ವ ಮಾಡುತ್ತಾಳೆ, ಅವಳು ಡ್ಯೂಟಿ ಮುಗಿಸಿ ಬರುತ್ತಾಳೆ’ ಎಂದು ತನ್ನ ಹರಕು ತೆಲುಗಿನಲ್ಲಿ ಹೇಳಿ ಗುರುಶಾಂತ ಮುಂದೆ ನಡೆದ. ಎಂಟು ತಿಂಗಳಲ್ಲಿ ಮೊದಲ ಸಲ ಆ ಪ್ರಶ್ನೆ ಅವನೊಳಗೆ ಎಲ್ಲಿಯೂ ತಾಗದೆ ದಾಟಿಹೋಯಿತು. ಮನೆ ನಡೆಯುತ್ತಿದೆ. ನಡೆಯಲಿ. ನಡೆಯುವ ಮನೆಗೆ ಮರಳಿ ಬರುವುದು ಅವಳಿಗೂ ಸುಖವೇ ಅಲ್ಲವೇ? ಇಷ್ಟು ಸಣ್ಣ ಮಾತು ತಿಳಿಯಲು ಇಪ್ಪತ್ತು ದಿನ ಕೊರಳಿಗೆ ಕಲ್ಲು ಕಟ್ಟಿಕೊಂಡು ತಿರುಗಿದ್ದೆನಲ್ಲ ಎಂದು ಅವನಿಗೆ ನಗು ಬಂತು. ಆ ಸಂಜೆ ರೊಟ್ಟಿಯನ್ನು ಅವನು ಬಡಿದ. ಮೂರು ಹರಿದವು, ಒಂದು ಲೈಬೀರಿಯಾದ ನಕ್ಷೆಯಂತಿದೆಯೆಂದು ಲಹರಿ ಘೋಷಿಸಿದಳು. ಅವ್ವ ಎರಡು ಕೈಯನ್ನೂ ಮಡಿಲಲ್ಲಿಟ್ಟು ಕುಳಿತು, ‘ನನಗ ಲಕ್ವಾ ಐತಿ, ಏಳಾಕ ಬರಂಗಿಲ್ಲ, ನೀರು ಕೊಡು’ ಎನ್ನುತ್ತ ರಾಣಿಯಂತೆ ಉಂಡಳು. ಆ ಅಣಕ ವರ್ಷಗಟ್ಟಲೆ ನಡೆಯುತ್ತದೆಂದು ಅವನಿಗೆ ಗೊತ್ತಿತ್ತು. ನಡೆಯಲಿ ಎಂದುಕೊಂಡ.

ರವಿವಾರ ಐದಕ್ಕೆ ಫೋನು ಬಂತು. ತುಳಸಿಯ ಮಾತು ಬರುವ ಮೊದಲೇ ಅವನು ಎಲ್ಲವನ್ನೂ ಹೇಳಿದ. ಆ ಕಡೆ ಬರೀ ಸಮುದ್ರದಂಥ ಮೊರೆತ.

‘ಕರೇನ?’ ಎಂದಳು ಶಿವಗಂಗಾ ಕೊನೆಗೆ.

‘ಕರೇನ.’

‘ಯಾಕ್ರಿ?’

‘ಒಂದ್ ರವಿವಾರ ನೀ ನನ್ನ ಕೇಳಲಿಲ್ಲ.’

‘ನನಗ ಭಾಳ ಸಿಟ್ಟು ಬಂದೈತಿ’ ಎಂದಳು. ‘ಫೋನ್ ಕಾರ್ಡಿನಾಗ ನಾಕು ನಿಮಿಷ ಉಳದಾವ, ಅಷ್ಟರಾಗ ಜಗಳ ಮುಗಿಯಂಗಿಲ್ಲ. ಬಂದಮ್ಯಾಲೆ ಆಡ್ತೀನಿ, ಬಿಡಂಗಿಲ್ಲ. ಆರಾಮ ಇದ್ದೀರಿಲ್ಲೋ?’ ಅವನು ‘ಈಗ ಅದೀನಿ’ ಎಂದ. ‘ಅವ್ವಾರಿಗಿ ಕೊಡ್ರಿ.’

ಪಾರ್ವತೆಮ್ಮ ಫೋನನ್ನು ಎಡಗೈಯಲ್ಲಿ ಹಿಡಿದಳು. ‘ಗಂಗಾ, ನಿಂತೀಯೋ ಕುಂತೀಯೋ? ನಿಂದ್ರು. ಅಂಗಿ ಮುಂದ ಹಿಡಿ. ಲಹರಿ, ನಿಮ್ಮವ್ವನ ಬದಲಿ ನೀ ಲಂಗ ಹಿಡಿ.’ ಮಗಳು ಲಂಗ ಅಗಲಿಸಿ ನಿಂತಳು. ಡಬ್ಬಿಯನ್ನು ಗುರುಶಾಂತ ಎರಡೂ ಕೈಯಲ್ಲಿ ಹಿಡಿದುಕೊಂಡ. ಅವ್ವನ ಬಲಗೈ ಅದರೊಳಗೆ ಐದು ಸಲ ಇಳಿದು ಐದು ಸಲ ಎದ್ದಿತು. ಫೋನಿನೊಳಗಿಂದ ಅಷ್ಟು ದೂರದ ದನಿ ಗಟ್ಟಿಯಾಗಿ ಕೇಳಿತು: ‘ಹಿಡದೀನ್ರೀ ಅತ್ತಿ.’

ಓದುಗರೇ, ಈಗ ನಿಮ್ಮ ಸರದಿ. ನಿಮ್ಮ ಓಣಿಯಲ್ಲಿಯೂ ಒಬ್ಬಳು ಚೀಲ ಕಟ್ಟುತ್ತಿದ್ದಾಳೆ; ಅವಳ ಮೈಮೇಲೆ ಸೀರೆಯಿಲ್ಲದಿರಬಹುದು, ನಿಮ್ಮ ಹಣೆಯ ಮೇಲೆ ಕುಂಕುಮವಿಲ್ಲದಿರಬಹುದು, ನೀವು ಗಂಡಸೇ ಆಗಿರಬಹುದು. ಅಡುಗೆಯ ಪ್ರಶ್ನೆಯನ್ನು ನಾಲಿಗೆಯ ಮೇಲೆಯೇ ತಡೆಯಿರಿ. ಒಳಗೆ ಹೋಗಿ ಅಕ್ಕಿಯ ಡಬ್ಬಿ ತೆಗೆದುಕೊಂಡು ಬನ್ನಿ, ಅವಳ ಬಸ್ಸು ಹೊರಡುವ ಮೊದಲು.